ಮಟಮಟ ಮಧ್ಯಾಹ್ನದ ಬಿಳಿ ಗದ್ದೆ

ಕೇಳುಗರಿಗೆ ನಮಸ್ಕಾರ.

ಫೋಟೊ ತೆಗೆಯುವವರಿಗೆ ಮಟಮಟ ಮಧ್ಯಾಹ್ನ ಆಗಿಬರುವುದಿಲ್ಲ. ಎಳೆಬಿಸಿಲು, ಹೊಂಬಿಸಿಲು ಬಿಟ್ಟರೆ ಉಳಿದ ಹೊತ್ತು ಕ್ಯಾಮೆರಾ ಚೀಲದೊಳಗೇ. ನಾನು ಮಾತ್ರ ಗಣೇಶನ ಹಬ್ಬ ಕಳೆದ ಮೇಲೆ ಒಂದು ದಿನ, ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಹನ್ನೆರಡೂವರೆಗೆ ಟ್ರೈಪಾಡ್ ಊರಿ ನಿಂತಿದ್ದೆ. ಲೆನ್ಸಿನ ಮುಂದೆ ಕಾಡಿಗೆಯಂಥ ಕಪ್ಪು ಗಾಜು.

ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೊಮೀಟರ್‌ವರೆಗಿನ ಬೆಳಕು. ಈ ಗಾಜು 720ರ ಆಚೆಯ ಇನ್‌ಫ್ರಾರೆಡ್, ಅಂದರೆ ಅವಕೆಂಪು ಬೆಳಕಿಗೆ ಮಾತ್ರ ದಾರಿ ಬಿಡುತ್ತದೆ. ಇದು ಶಾಖದ ಫೋಟೊ ಅಂದುಕೊಳ್ಳಬೇಡಿ. ಶಾಖ ನೋಡುವ ಕ್ಯಾಮೆರಾಗಳ ಕಿರಣಕ್ಕೆ ಇದರ ಹತ್ತರಷ್ಟು ಉದ್ದದ ಅಲೆ. ಇದು ಬರೀ ಬಿಸಿಲೇ, ನಮಗೆ ಕಾಣದ ಬಿಸಿಲು. ಮಾಮೂಲಿ ಕ್ಯಾಮೆರಾದೊಳಗೆ ಅದನ್ನು ತಡೆಯುವ ಪರದೆ ಬೇರೆ ಇರುತ್ತದೆ. ಹಾಗಾಗಿ ನಡುಹಗಲಲ್ಲೂ ಇಪ್ಪತ್ತು ಸೆಕೆಂಡು ಕಾಯಬೇಕು. ಅಷ್ಟರಲ್ಲಿ ಬದುವಿನ ಮೇಲೆ ಮೇಯುತ್ತಿದ್ದ ಎಮ್ಮೆ ಚಿತ್ರದಲ್ಲಿ ಹೊಗೆಯಾಗಿಬಿಟ್ಟಿತ್ತು!

ಗದ್ದೆ? ಹಿಂಜಿದ ಅರಳೆ ಹಾಸಿದ ಹಾಗೆ. ನಾಲೆಯ ನೀರು ಮಸಿ, ಆಕಾಶವೂ ಕಪ್ಪು. ಹಸಿರೆಲೆ ಹೀಗೆ ಬೆಳ್ಳಗಾಗುವುದಕ್ಕೆ ಪತ್ರಹರಿತ್ತು ಕಾರಣವಲ್ಲ. ಅವಕೆಂಪು ಅದನ್ನು ದಾಟಿ ಒಳಕ್ಕೆ ಹೋಗುತ್ತದೆ. ಅಲ್ಲಿ ಕೋಶಗಳ ನಡುವೆ ಗಾಳಿ ತುಂಬಿದ ಸಂದುಗಳು. ಬೆಳಕು ಅಲ್ಲಿ ಬಡಿದು, ಇಲ್ಲಿ ಬಡಿದು ಹೊರಗೆ ಬರುತ್ತದೆ. ಉಪ್ಪಿನ ಒಂದು ಹರಳು ಗಾಜಿನಂತಿದ್ದರೂ ರಾಶಿ ಬೆಳ್ಳಗೆ ಕಾಣುವುದಿಲ್ಲವೇ, ಹಾಗೆ. ಇದಕ್ಕೆ ‘ವುಡ್ ಎಫೆಕ್ಟ್’ ಎನ್ನುತ್ತಾರೆ. ಮರಕ್ಕೂ ಆ ಹೆಸರಿಗೂ ನಂಟಿಲ್ಲ. 1910ರಲ್ಲಿ ಇಂಥ ಚಿತ್ರಗಳನ್ನು ಪ್ರಕಟಿಸಿದ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಅವರ ಹೆಸರದು. 1988ರಲ್ಲಿ ಹಾರಿದ ನಮ್ಮ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾಗಳೂ ಈ ಬೆಳಕನ್ನು ಹಿಡಿಯುತ್ತಿದ್ದವು.

ಫೋಕಸ್ಸಿನ ಗೋಳೂ ಇದೆ. ಅವಕೆಂಪು ಕೂಡುವ ಜಾಗವೇ ಬೇರೆ. ಹಳೆಯ ಲೆನ್ಸುಗಳ ಮೇಲೆ ಅದಕ್ಕೆಂದೇ ಒಂದು ಕೆಂಪು ಗುರುತು ಇರುತ್ತಿತ್ತು. ಅದನ್ನು ಅಲಂಕಾರ ಅಂದುಕೊಂಡು ನಾನು ಮೂರು ಸಲ ಮಂಜುಮಂಜು ಚಿತ್ರ ಹೊತ್ತು ಮನೆಗೆ ಬಂದವನು.

ಅವತ್ತು ಹೊಂಗೆ ಮರದ ಪಕ್ಕ, ಕೊಡೆ ಬಿಚ್ಚಿಕೊಂಡು ಯಜಮಾನರೊಬ್ಬರು ಕೂತಿದ್ದರು. ಅಲುಗಾಡಬೇಡಿ ಅಂದಿದ್ದಕ್ಕೆ ಉಸಿರು ಬಿಗಿಹಿಡಿದೇ ಕೂತರು ಪಾಪ. ಆಮೇಲೆ ಕ್ಯಾಮೆರಾದ ಪರದೆ ತೋರಿಸಿದೆ.

“ಇದೇನ್ ಸಾ, ಪೈರಿಗೆಲ್ಲಾ ಬೂದಿ ರೋಗ ಬಡ್ದಂಗದೆ?”

ಇಲ್ಲ ಯಜಮಾನ್ರೇ, ಬೆಳೆ ಚೆನ್ನಾಗಿದ್ದರೇನೇ ಹೀಗೆ ಬೆಳ್ಳಗೆ ಬರೋದು ಅಂದೆ. ಅರ್ಧ ನಂಬಿದರು. ಬೆರಳಿಟ್ಟು ಇನ್ನೂ ಹತ್ತಿರದಿಂದ ನೋಡಿದರು.

“ಪೈರು ಸರಿ, ನನ್ ಕರೀ ಕೊಡೆ ಯಾಕ್ ಬಿಳೀಕಾಯ್ತು?”

ಎಷ್ಟೋ ಕಪ್ಪು ಬಣ್ಣಗಳು ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ನುಂಗುತ್ತವೆ, ಅವಕೆಂಪನ್ನು ಬಿಟ್ಟುಬಿಡುತ್ತವೆ ಎಂದು ಹೇಳಲು ಹೊರಟೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಕೊಡೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.