ಇ-ಜರ್ನಲ್ ಕರಾರು: ಸಹಿ ಹಾಕುವ ಮೊದಲು ಏನೇನು ಕೇಳಬೇಕು?

[ದೃಶ್ಯ: ಕಾಲೇಜು ಲೈಬ್ರರಿಯ ಹಿಂದಿನ ಸಾಲು. ನಿರೂಪಕಿಯ ಕೈಯಲ್ಲಿ ಕೆಂಪು ರಟ್ಟಿನ ದಪ್ಪ ಬೌಂಡ್ ವಾಲ್ಯೂಮ್.]

ನಮಸ್ಕಾರ. ಇದು 1994ರ ಜರ್ನಲ್. ಆ ವರ್ಷದ ಎಲ್ಲ ಸಂಚಿಕೆ ಸೇರಿಸಿ ಬೈಂಡ್ ಮಾಡಿಸಿದ್ದು. ಇದಕ್ಕೆ ಚಂದಾ ಕಟ್ಟುವುದನ್ನು ಕಾಲೇಜು ಯಾವತ್ತೋ ನಿಲ್ಲಿಸಿದೆ. ಆದರೂ ಕಪಾಟಿನಲ್ಲಿ ಇದೆ, ಅಲ್ವಾ? ಧೂಳು ಒರೆಸಿ ಯಾರು ಬೇಕಾದರೂ ಓದಬಹುದು.

ಇಂಟರ್ನೆಟ್ಟಿನಲ್ಲಿ ಓದುವ ಜರ್ನಲ್, ಅಂದರೆ ಇ-ಜರ್ನಲ್, ಹಾಗಲ್ಲ. ಇದನ್ನು ನಾನು ಪೆಟ್ಟು ತಿಂದೇ ಕಲಿತೆ.

ಮಂಡ್ಯದ ಒಂದು ಕಾಲೇಜಿನಲ್ಲಿ ಲೈಬ್ರರಿಯನ್ ಆಗಿದ್ದೆ. ಆರು ವರ್ಷ ಒಂದು ಜರ್ನಲ್ ಪ್ಯಾಕೇಜಿಗೆ ದುಡ್ಡು ಕಟ್ಟಿದೆವು. ಏಳನೇ ವರ್ಷ ಹಣ ಸಾಲಲಿಲ್ಲ, ನಿಲ್ಲಿಸಿದೆವು. ಹೊಸದು ಬರುವುದಿಲ್ಲ ಅಷ್ಟೇ ಅಂದುಕೊಂಡಿದ್ದೆ. ಜನವರಿ ಮೊದಲ ವಾರ ಮಳವಳ್ಳಿ ಕಡೆಯ ಎಂ.ಎಸ್ಸಿ. ಹುಡುಗಿಯೊಬ್ಬಳು ಬಂದಳು. "ಮೇಡಂ, ಹೋದ ತಿಂಗಳು ಓದಿದ್ದೆ, ಈಗ ತೆಗೆಯುತ್ತಾನೇ ಇಲ್ಲ" ಅಂದಳು. ನೋಡಿದರೆ ಆರು ವರ್ಷದ್ದೂ ಹೋಗಿದೆ. ಪಬ್ಲಿಷರ್ ಕಡೆಯವರಿಗೆ ಫೋನ್ ಮಾಡಿದೆ. ಕರಾರಿನ ಏಳನೇ ಪುಟ ನೋಡಿ ಅಂದರು. ನೋಡಿದೆ. ಚಂದಾ ಮುಗಿದ ದಿನವೇ ಓದುವ ಹಕ್ಕೂ ಮುಗಿಯುತ್ತದೆ ಅಂತ ಸ್ಪಷ್ಟವಾಗಿ ಬರೆದಿತ್ತು. ಆ ಹುಡುಗಿಯ ಮುಖ ಇವತ್ತಿಗೂ ನೆನಪಿದೆ.

[ದೃಶ್ಯ: ಮೇಜಿನ ಮೇಲೆ ಹತ್ತು ಹನ್ನೆರಡು ಪುಟದ ಕರಾರು ಪತ್ರ.]

ಮೈಸೂರಿನ ಕುವೆಂಪುನಗರದಲ್ಲಿ ಮನೆ ಬಾಡಿಗೆಗೆ ಹಿಡಿಯುವಾಗ ಎಷ್ಟು ಕೇಳುತ್ತೇವೆ! ಅಡ್ವಾನ್ಸ್ ವಾಪಸ್ ಯಾವಾಗ, ಸುಣ್ಣಬಣ್ಣದ ಖರ್ಚು ಯಾರದು, ವರ್ಷಕ್ಕೆ ಬಾಡಿಗೆ ಎಷ್ಟು ಏರಿಸುತ್ತೀರಿ. ಇ-ಜರ್ನಲ್ ಕೂಡ ಬಾಡಿಗೆಯೇ. ಲಕ್ಷಗಟ್ಟಲೆ ಬಾಡಿಗೆ. ಆದರೆ ಕೊಟೇಶನ್ನಿನ ಮೊತ್ತ ನೋಡುತ್ತೇವೆ, ಚೌಕಾಸಿ ಮಾಡುತ್ತೇವೆ, ಕರಾರನ್ನು ಓದದೆ ಪ್ರಿನ್ಸಿಪಾಲರ ಸಹಿಗೆ ಕಳಿಸುತ್ತೇವೆ. ಪಬ್ಲಿಷರ್ ಕಳಿಸಿದ ಕರಾರನ್ನು ತಿದ್ದಬಹುದು ಅಂತಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ತಿದ್ದಬಹುದು. ಅದು ಅವರ ಮೊದಲ ಮಾತು, ಕೊನೆಯ ಮಾತಲ್ಲ.

ಇಲ್ಲಿ ನಿಮಗೊಂದು ಪ್ರಶ್ನೆ ಬರಬಹುದು. ಕೇಂದ್ರ ಸರ್ಕಾರವೇ ಎಲ್ಲರ ಪರವಾಗಿ ಜರ್ನಲ್ ಚಂದಾ ಕಟ್ಟುವ "ಒಂದು ದೇಶ, ಒಂದು ಚಂದಾ" ಯೋಜನೆ ಬಂತಲ್ಲ, ಇನ್ನು ನಾವು ಯಾಕೆ ಪಬ್ಲಿಷರ್ ಜೊತೆ ಮಾತಾಡಬೇಕು? 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಅದನ್ನು ಒಪ್ಪಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪಬ್ಲಿಷರ್, ಸುಮಾರು 13,000 ಜರ್ನಲ್. ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಕೇಂದ್ರವಾದ ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅದನ್ನು ನಡೆಸುತ್ತಿದೆ. ಮಾನಸಗಂಗೋತ್ರಿಯ ವಿದ್ಯಾರ್ಥಿಗಳಿಗೆ ಇದು ನಿಜವಾಗಲೂ ದೊಡ್ಡ ಅನುಕೂಲ. ಆದರೆ ಇದು ಶುರುವಾದದ್ದು ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿ ಕಾಲೇಜಿನವರು ತಾವೇ ಮಾತಾಡಬೇಕು. ಸರ್ಕಾರಿ ಸಂಸ್ಥೆಗೂ ಆ 30 ಪಬ್ಲಿಷರ್ ಬಿಟ್ಟು ಬೇರೆಯದು ಬೇಕಾದರೆ ಅದೇ ಕಥೆ.

ಸರಿ, ಏನು ಕೇಳಬೇಕು?

[ತೆರೆಯ ಮೇಲೆ: ನಾಳೆ ದುಡ್ಡು ಕಟ್ಟದಿದ್ದರೆ?]

ನನ್ನ ಮಟ್ಟಿಗೆ ಇದೇ ಮೊದಲ ಪ್ರಶ್ನೆ. ದುಡ್ಡು ಕಟ್ಟಿದ ವರ್ಷಗಳ ಸಂಚಿಕೆಗಳು ಆಮೇಲೂ ನಮಗೆ ಸಿಗಬೇಕು. ಅದನ್ನು ಕರಾರಿನಲ್ಲಿ ಬರೆಸಿ. ಸುಮ್ನೆ "ಸಿಗುತ್ತದೆ" ಅಂದರೆ ಸಾಲದು, ಹೇಗೆ ಸಿಗುತ್ತದೆ ಅನ್ನುವುದೂ ಇರಬೇಕು. ಅವರದೇ ವೆಬ್‌ಸೈಟಿನಲ್ಲಿ ಓದಲು ಬಿಡುತ್ತಾರಾ? ಅದಕ್ಕೆ ಪ್ರತಿವರ್ಷ ಬೇರೆ ಶುಲ್ಕ ಇದೆಯಾ? ಕಂಪನಿಯೇ ಮುಚ್ಚಿದರೆ? ಪೋರ್ಟಿಕೋ, ಕ್ಲಾಕ್ಸ್ ಅಂತ ಇ-ಜರ್ನಲ್‌ಗಳನ್ನು ಕಾದಿಡುವ ಸಂಸ್ಥೆಗಳಿವೆ. ನಿಮ್ಮ ಪಬ್ಲಿಷರ್ ಅಲ್ಲಿ ಪ್ರತಿ ಇಟ್ಟಿದ್ದಾರಾ ಅಂತ ಕೇಳಿ. ಒಂದು ಮಾತು ನೆನಪಿರಲಿ. ಹಲವು ಪಬ್ಲಿಷರ್‌ಗಳದ್ದನ್ನು ಒಟ್ಟುಗೂಡಿಸಿ ಕೊಡುವ ಡೇಟಾಬೇಸ್‌ಗಳಲ್ಲಿ ಈ ಹಕ್ಕು ಸಾಮಾನ್ಯವಾಗಿ ಸಿಗುವುದಿಲ್ಲ. ಕೊಡಲು ಅವರ ಕೈಯಲ್ಲೇ ಇರುವುದಿಲ್ಲ. ಅಂಥದ್ದನ್ನು ತೆಗೆದುಕೊಳ್ಳಬೇಡಿ ಅಂತಲ್ಲ, ಪೂರ್ತಿ ಬಾಡಿಗೆ ಅಂತ ತಿಳಿದು ಅದಕ್ಕೆ ತಕ್ಕ ಬೆಲೆ ಕೊಡಿ.

[ತೆರೆಯ ಮೇಲೆ: ಓದುಗ ಅಂದರೆ ಯಾರು?]

ಕರಾರಿನಲ್ಲಿ ಯಾರು ಓದಬಹುದು ಅಂತ ಒಂದು ಷರತ್ತು ಇರುತ್ತದೆ. ಅದರಲ್ಲಿ "ಕಾಯಂ ಬೋಧಕರು, ಪೂರ್ಣಾವಧಿ ವಿದ್ಯಾರ್ಥಿಗಳು" ಅಂತ ಬರೆದಿದ್ದರೆ ಅಲ್ಲೇ ನಿಲ್ಲಿ. ನಮ್ಮ ಕಾಲೇಜುಗಳಲ್ಲಿ ಎಷ್ಟು ಪಾಠ ನಡೆಯುವುದು ಅತಿಥಿ ಉಪನ್ಯಾಸಕರಿಂದ ಅಂತ ನಿಮಗೆ ಗೊತ್ತು. ಆ ಒಂದು ಪದದಿಂದ ಅವರೆಲ್ಲ ಹೊರಗೆ. ಪಾಠ ಮಾಡುವವರಿಗೇ ಓದಲು ಹಕ್ಕಿಲ್ಲ ಅಂದರೆ ಏನರ್ಥ? "ಕಾಲೇಜಿನಲ್ಲಿ ಯಾವುದೇ ರೀತಿಯ ನೇಮಕದಲ್ಲಿರುವ ಬೋಧಕರು" ಅಂತ ಬದಲಾಯಿಸಿ. ಅರೆಕಾಲಿಕ ಸಂಶೋಧಕರನ್ನೂ, ಲೈಬ್ರರಿಗೆ ಬಂದು ಕೂತು ಓದುವ ಹೊರಗಿನವರನ್ನೂ ಸೇರಿಸಿ.

ಇನ್ನೊಂದು, ಎಲ್ಲಿಂದ ಓದಬಹುದು ಅನ್ನುವುದು. ಕಾಲೇಜಿನ ಐಪಿ ವಿಳಾಸಕ್ಕೆ, ಅಂದರೆ ಅಲ್ಲಿನ ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆಗೆ ಮಾತ್ರ ಅಂತ ಇದ್ದರೆ ಕ್ಯಾಂಪಸ್ ಗೇಟಿನ ಹೊರಗೆ ಏನೂ ತೆರೆಯುವುದಿಲ್ಲ. ಪಾಂಡವಪುರದಿಂದ, ಮದ್ದೂರಿನಿಂದ ದಿನಾ ರೈಲಿನಲ್ಲಿ ಓಡಾಡುವ ಮಕ್ಕಳು ನಮ್ಮವರು. ಸಂಜೆಯ ರೈಲು ತಪ್ಪಬಾರದು ಅಂತ ನಾಲ್ಕೂವರೆಗೇ ಹೊರಡುತ್ತಾರೆ. ಅವರು ಓದುವುದು ರಾತ್ರಿ, ಮನೆಯಲ್ಲಿ, ಮೊಬೈಲಿನಲ್ಲಿ. ಮನೆಯಿಂದ ಲಾಗಿನ್ ಆಗುವ ಸೌಲಭ್ಯ ಹೆಚ್ಚಿನ ದುಡ್ಡಿಲ್ಲದೆ ಬೇಕು ಅಂತ ಪಟ್ಟು ಹಿಡಿಯಿರಿ. ಇದರಲ್ಲಿ ನಾನು ಒಂದಿಂಚೂ ಬಿಟ್ಟುಕೊಡುವುದಿಲ್ಲ.

[ತೆರೆಯ ಮೇಲೆ: ಬೆಲೆ]

ಬೆಲೆ ಮಾತಾಡುವ ಮೊದಲು ನಿಮ್ಮ ಲೆಕ್ಕ ಕೈಯಲ್ಲಿರಲಿ. ಕೌಂಟರ್ ಅನ್ನುವ ಅಂತರರಾಷ್ಟ್ರೀಯ ಪದ್ಧತಿಯ ಪ್ರಕಾರ ಬಳಕೆಯ ವರದಿ ಕೊಡುವ ಪಬ್ಲಿಷರ್‌ಗಳಿದ್ದಾರೆ. ಕೇಳಿ ತರಿಸಿಕೊಳ್ಳಿ. ಉದಾಹರಣೆಗೆ, ಒಂದು ಪ್ಯಾಕೇಜಿಗೆ 2,40,000 ರೂಪಾಯಿ, ವರ್ಷಕ್ಕೆ 1,200 ಡೌನ್‌ಲೋಡ್. ಅಂದರೆ ಒಂದು ಲೇಖನಕ್ಕೆ 200 ರೂಪಾಯಿ ಬಿತ್ತು. ಇನ್ನೊಂದಕ್ಕೆ 3,00,000 ರೂಪಾಯಿ, 150 ಡೌನ್‌ಲೋಡ್. ಒಂದಕ್ಕೆ 2,000 ಆಯಿತು. ಈ ಎರಡು ಅಂಕಿ ಮೇಜಿನ ಮೇಲಿಟ್ಟರೆ ಮಾತಿನ ಧಾಟಿಯೇ ಬದಲಾಗುತ್ತದೆ. ಅದೇ ವರದಿಯಲ್ಲಿ ಇನ್ನೊಂದು ಲೆಕ್ಕ ಸಿಗುತ್ತದೆ: ಲೇಖನ ತೆರೆಯಲು ಹೋಗಿ ಚಂದಾ ಇಲ್ಲ ಅಂತ ವಾಪಸ್ ಬಂದವರದ್ದು. ಬಾಗಿಲು ತಟ್ಟಿ ಹಿಂದಿರುಗಿದ ಆ ಮಕ್ಕಳ ಲೆಕ್ಕವನ್ನು ನಮ್ಮಲ್ಲಿ ನೋಡುವವರೇ ಕಡಿಮೆ. ಮುಂದಿನ ವರ್ಷ ಏನು ತರಿಸಬೇಕು ಅಂತ ಅದು ಹೇಳುತ್ತದೆ.

ದರ ಡಾಲರಿನಲ್ಲಿದ್ದರೆ ರೂಪಾಯಿಗೆ ಬದಲಾಯಿಸಿ ನಿಗದಿ ಮಾಡಿಸಿ. ವರ್ಷಕ್ಕೆ ಇಷ್ಟು ಶೇಕಡಾಕ್ಕಿಂತ ಜಾಸ್ತಿ ಏರಿಸುವಂತಿಲ್ಲ ಅಂತ ಬರೆಸಿ. ಬೇಡ ಅನ್ನುವುದಕ್ಕೂ ತಯಾರಿರಿ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2019ರ ಫೆಬ್ರವರಿಯಲ್ಲಿ ಎಲ್ಸೆವಿಯರ್ ಅನ್ನುವ ದೊಡ್ಡ ಜರ್ನಲ್ ಪಬ್ಲಿಷರ್ ಜೊತೆಗಿನ ಮಾತುಕತೆ ಮುರಿದುಕೊಂಡಿತು. ಎರಡು ವರ್ಷ ಕರಾರಿಲ್ಲದೆ ನಡೆಸಿ 2021ರ ಮಾರ್ಚಿನಲ್ಲಿ ಹೊಸ ಕರಾರು ಮಾಡಿಕೊಂಡಿತು. ಅಲ್ಲಿನ ಸಂಶೋಧಕರ ಲೇಖನ ಎಲ್ಲರಿಗೂ ಉಚಿತವಾಗಿ ಸಿಗುವಂತೆ ಪ್ರಕಟಿಸುವುದೂ ಅದರಲ್ಲಿ ಸೇರಿತ್ತು. ಅವರಿಗೆ ಹತ್ತು ಕ್ಯಾಂಪಸ್ಸಿನ ಬಲ ಇತ್ತು. ನಮಗಿಲ್ಲ. ಆದರೆ ಮೈಸೂರು, ಮಂಡ್ಯದ ನಾಲ್ಕೈದು ಕಾಲೇಜಿನ ಲೈಬ್ರರಿಯನ್ನರು ಒಟ್ಟಿಗೆ ಒಂದೇ ಪತ್ರ ಬರೆಯಬಹುದಲ್ಲ?

ಬೆಲೆಯನ್ನು ಯಾರಿಗೂ ಹೇಳಬಾರದು ಅನ್ನುವ ಷರತ್ತು ಕಂಡರೆ ಅದನ್ನು ತೆಗೆಸಿ. ಪಕ್ಕದ ಕಾಲೇಜು ಎಷ್ಟು ಕೊಟ್ಟಿತು ಅಂತ ಗೊತ್ತಾಗದಿರಲಿ ಅಂತಲೇ ಅದನ್ನು ಹಾಕುವುದು.

[ದೃಶ್ಯ: ಪೆನ್ನಿನಿಂದ ಕರಾರಿನ ಸಾಲುಗಳ ಕೆಳಗೆ ಗೆರೆ.]

ಉಳಿದವು ಬೇಗ ಹೇಳುತ್ತೇನೆ. ಒಬ್ಬ ವಿದ್ಯಾರ್ಥಿ ಮಿತಿಮೀರಿ ಡೌನ್‌ಲೋಡ್ ಮಾಡಿದರೆ ಇಡೀ ಕಾಲೇಜಿನ ಸಂಪರ್ಕ ಕಡಿಯಬಾರದು, ಮೊದಲು ನಮಗೆ ತಿಳಿಸಿ ಸರಿಪಡಿಸಲು ಸಮಯ ಕೊಡಬೇಕು. ವ್ಯಾಜ್ಯ ಬಂದರೆ ಹೊರದೇಶದ ಕೋರ್ಟಿಗೆ ಅಲೆಯುವಂತಿರಬಾರದು. ಬೇರೆ ಲೈಬ್ರರಿಯವರು ಕೇಳಿದರೆ ಒಂದು ಲೇಖನ ಕಳಿಸಲು ಅವಕಾಶ ಬೇಕು.

[ದೃಶ್ಯ: ಗೋಡೆಯ ಕ್ಯಾಲೆಂಡರ್.]

ಕೊನೆಗೆ ದಿನಾಂಕ. ಚಂದಾ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ಬೇಡವಾದರೆ 90 ದಿನ ಮೊದಲು ತಿಳಿಸಬೇಕು, ಇಲ್ಲದಿದ್ದರೆ ತಾನಾಗಿಯೇ ಮುಂದುವರಿಯುತ್ತದೆ ಅಂತ ಕರಾರಿನಲ್ಲಿದೆ ಅಂದುಕೊಳ್ಳಿ. ಎಣಿಸಿದರೆ ಅಕ್ಟೋಬರ್ 2 ಬರುತ್ತದೆ. ಅವತ್ತು ಗಾಂಧಿ ಜಯಂತಿ, ರಜೆ. 2025ರಲ್ಲಂತೂ ಅದೇ ದಿನ ವಿಜಯದಶಮಿ. ಜಂಬೂಸವಾರಿಯ ದಿನ ಮೈಸೂರಿನಲ್ಲಿ ಯಾವ ಆಫೀಸಿನಲ್ಲಿ ಸಹಿ ಸಿಗುತ್ತದೆ? ಅದಕ್ಕೇ ನಿಮ್ಮ ಪತ್ರ ಗೌರಿ ಹಬ್ಬಕ್ಕೆ ಮೊದಲೇ ಪ್ರಿನ್ಸಿಪಾಲರ ಮೇಜಿನ ಮೇಲಿರಲಿ.