ಕರಿಯನ ಕಾಲು ಮತ್ತು ಐದು ವಾರ

ಬೆಳಿಗ್ಗೆ ಆರೂವರೆಗೆ ತೀರ್ಥಹಳ್ಳಿ ಬಿಟ್ಟೆವು. ಜಿಟಿಜಿಟಿ ಮಳೆ. ಹಿಂದಿನ ಸೀಟಿನಲ್ಲಿ ಮಲಗಿರುವವನು ನಮ್ಮ ಕರಿಯ. ರಾಟ್‌ವೈಲರ್, ಏಳು ವರ್ಷ. ಮುಂಗಾಲಿನ ಮಣಿಕಟ್ಟಿನ ಮೇಲೆ ನೋಡಿ, ಊದಿದೆ ಅಲ್ವಾ? ಮುಟ್ಟಿದರೆ ಕಲ್ಲು. ನನ್ನ ಕೈ ಹತ್ತಿರ ಹೋಗುವಷ್ಟರಲ್ಲೇ ಕಾಲು ಎಳೆದುಕೊಂಡ.

ಇವನು ಕುಂಟಲು ಶುರು ಮಾಡಿ ಐದು ವಾರ. ಮೊದಲು ತೋರಿಸಿದ ಕಡೆ ಉಳುಕು ಎಂದರು, ನೋವಿನ ಮಾತ್ರೆ ಕೊಟ್ಟರು. ಮಾತ್ರೆ ಇರುವಷ್ಟು ದಿನ ತೋಟವೆಲ್ಲ ಓಡಾಡಿದ. ವಾಸಿಯಾಯಿತು ಅಂದುಕೊಂಡೆವು. ಮಾತ್ರೆ ಮುಗಿದ ಮರುದಿನ ಮತ್ತೆ ಕುಂಟು. ಮತ್ತೆ ಅದೇ ಚೀಟಿ, ಅದೇ ಮಾತ್ರೆ. ಅಮ್ಮ ದಿನಾ ರಾತ್ರಿ ಎಣ್ಣೆ ಬಿಸಿ ಮಾಡಿ ಸವರುತ್ತಿದ್ದಳು. ಒಬ್ಬರೂ ಎಕ್ಸ್‌ರೇ ಎನ್ನಲಿಲ್ಲ. ನನಗೂ ಹೊಳೆಯಲಿಲ್ಲ. ಹೊಟ್ಟೆ ಉರಿಯುವುದೇ ಅದಕ್ಕೆ. ದೊಡ್ಡ ಜಾತಿಯ ನಾಯಿ ಎರಡು ವಾರ ಬಿಡದೆ ಕುಂಟಿದರೆ ಕಾಯಬೇಡಿ, ಎಕ್ಸ್‌ರೇ ತೆಗೆಸಿ.

ಇದು ಮಂಡಗದ್ದೆ. ಹಕ್ಕಿಗಳನ್ನು ಇನ್ನೊಮ್ಮೆ ತೋರಿಸುತ್ತೇನೆ. ಸಕ್ರೆಬೈಲಿನ ಆನೆ ಬಿಡಾರದಲ್ಲೂ ನಿಲ್ಲಿಸಲಿಲ್ಲ.

ಶಿವಮೊಗ್ಗ. ಎಕ್ಸ್‌ರೇಯಲ್ಲಿ ಮೂಳೆಯ ತುದಿ ಗೆದ್ದಲು ತಿಂದ ರೀಪಿನ ಹಾಗಿದೆ. ಆಸ್ಟಿಯೋಸಾರ್ಕೋಮಾ ಇರಬೇಕು ಎಂದರು ಡಾಕ್ಟರು. ಮೂಳೆ ಕ್ಯಾನ್ಸರ್. ಖಚಿತಕ್ಕೆ ಚೂರು ತೆಗೆದು ಕಳಿಸಿದ್ದಾರೆ.

ಔಷಧಿ ಕಾಲಿಗೆ ಮಾತ್ರ ಕೊಡಲು ಆಗಲ್ವಾ ಸರ್ ಎಂದೆ. ಅಂಥ ವಿಧಾನ ಇದೆಯಂತೆ. ಕಾಲಿನ ಬುಡ ಬಿಗಿದು, ರಕ್ತನಾಳಗಳಿಗೆ ಕೊಳವೆ ಹಾಕಿ, ಪಂಪಿನಿಂದ ರಕ್ತವನ್ನು ಆ ಕಾಲಿನೊಳಗೇ ಸುತ್ತಿಸುತ್ತಾರೆ. ಅದರಲ್ಲಿ ಕಿಮೋ, ಅಂದರೆ ಕ್ಯಾನ್ಸರ್ ಕೊಲ್ಲುವ ಔಷಧಿ. ಕೊನೆಗೆ ತೊಳೆದು ತೆಗೆಯುತ್ತಾರೆ. ಸಿಸ್ಪ್ಲಾಟಿನ್ ಎಂಬ ಕಿಮೋ ಔಷಧಿ ಮೈಗೆಲ್ಲ ಹರಿದರೆ ಕಿಡ್ನಿಗೆ ಪೆಟ್ಟು, ಅದಕ್ಕೇ ಈ ದಾರಿ. 1950ರ ದಶಕದ ಕೊನೆಯಲ್ಲೇ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಮನುಷ್ಯರಿಗೆ ಮಾಡಿದ್ದರು. ನಾಯಿಗಳಲ್ಲೂ ಪರೀಕ್ಷಿಸಿದ್ದಾರೆ. ಹರೆಯದ ಮಕ್ಕಳಿಗೂ ಇದೇ ಕಾಯಿಲೆ ಬರುತ್ತದೆ, ಹೆಚ್ಚಾಗಿ ಮೊಣಕಾಲ ಹತ್ತಿರ. ನಾಯಿಗಳಿಂದ ಕಲಿತದ್ದು ಆ ಮಕ್ಕಳ ಕಾಲು ಉಳಿಸಲೂ ನೆರವಾಗಿದೆ.

ಎಷ್ಟೇ ದೂರವಾದರೂ ಅದನ್ನೇ ಮಾಡಿಸುತ್ತೇನೆ ಎಂದುಬಿಟ್ಟೆ. ಆಮೇಲೆ ಡಾಕ್ಟರು ಎದೆಯ ಎಕ್ಸ್‌ರೇ ದೀಪದ ಮುಂದೆ ಹಿಡಿದರು. ಇಲ್ಲೇನೂ ಕಾಣುತ್ತಿಲ್ಲ, ಆದರೂ 10ರಲ್ಲಿ 9 ನಾಯಿಗಳಿಗೆ ಇಷ್ಟರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಹರಡಿರುತ್ತದೆ, ಜಾಸ್ತಿ ಶ್ವಾಸಕೋಶಕ್ಕೆ ಎಂದರು. ಕಾಲಿಗಷ್ಟೇ ಔಷಧಿ ಕೊಟ್ಟು ಏನು ಬಂತು? ಈಗ ನನ್ನ ಮನಸ್ಸು ಬೇರೆ. ಕಾಲು ತೆಗೆಸಿ, ಮೈಗೆಲ್ಲ ಕಿಮೋ ಕೊಡಿಸುತ್ತೇನೆ. ಕಾಲು ತೆಗೆದಷ್ಟೇ ಆದರೆ ಸಾಮಾನ್ಯವಾಗಿ ನಾಲ್ಕೈದು ತಿಂಗಳು ಬದುಕು, ಕಿಮೋ ಸೇರಿದರೆ ಸುಮಾರು ಒಂದು ವರ್ಷ. ಮೂರು ಕಾಲಿನಲ್ಲೂ ನಾಯಿ ಚೆನ್ನಾಗಿ ಓಡುತ್ತದೆ. ಈ ನೋವು ಹೋದರೆ ನನಗಷ್ಟೇ ಸಾಕು.

ಇದು ರಾತ್ರಿ, ಮನೆ. ಬಚ್ಚಲ ಒಲೆ ಪಕ್ಕ ಅಮ್ಮ ಗೋಣಿ ಹಾಸಿದ್ದಾಳೆ. ಊದಿದ ಜಾಗ ತಿಕ್ಕಬೇಡಿ ಎಂದಿದ್ದಾರಲ್ಲ, ಎಣ್ಣೆ ಬಟ್ಟಲು ಕಟ್ಟೆ ಮೇಲೇ ಇದೆ. ಅಮ್ಮ ಅವನ ಕಿವಿ ಸವರುತ್ತಿದ್ದಾಳೆ. ವರದಿ ಗುರುವಾರ.