ಐದು ನಿಮಿಷ ತಡೆದುಕೊಳ್ಳಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಹಲ್ಲಿನ ಡಾಕ್ಟರ್. ಆದರೆ ಇವತ್ತು ಹಲ್ಲಿನ ವಿಷಯ ಬೇಡ. ಹಲ್ಲಿಗೂ ಕೆನ್ನೆಗೂ ನಡುವೆ ನೀವು ಇಟ್ಟುಕೊಳ್ಳುತ್ತೀರಲ್ಲ, ಆ ಒಂದು ಚಿಟಿಕೆಯ ಬಗ್ಗೆ ಮಾತಾಡೋಣ. ಹೊಗೆಸೊಪ್ಪು, ಕಡ್ಡಿಪುಡಿ, ಜರ್ದಾ, ಗುಟ್ಕಾ. ಹೆಸರು ಯಾವುದೇ ಇರಲಿ, ಒಳಗಿರುವುದು ತಂಬಾಕೇ.

ಈ ಹೊತ್ತಿನಲ್ಲಿ ರೇಡಿಯೋ ಕೇಳುವವರು ಯಾರು ಅಂತ ನನಗೆ ಅಂದಾಜಿದೆ. ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದ ಅಣ್ಣಂದಿರು, ಅಡಿಕೆ ಸುಲಿಯುತ್ತಾ ಕೂತ ಅಕ್ಕಂದಿರು, ಜಗುಲಿಯಲ್ಲಿ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡ ಅಜ್ಜಿಯರು, ರಸ್ತೆ ಮೇಲಿರುವ ಡ್ರೈವರುಗಳು. 2016-17ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ದಾಟಿದ ಐದು ಜನರಲ್ಲಿ ಒಬ್ಬರು ಹೊಗೆಯಿಲ್ಲದ ತಂಬಾಕು ಬಳಸುತ್ತಾರೆ. ಹಾಗಾಗಿ ನಿಮ್ಮಲ್ಲಿ ತುಂಬ ಜನರಿಗೆ ಈ ಮಾತು ಬೇಕು. ಒಂದೇ ಮಾತು. ಐದು ನಿಮಿಷ ತಡೆದುಕೊಳ್ಳಿ.

"ಬಿಡೋಕೆ ಮನಸ್ಸಿದೆ ಡಾಕ್ಟ್ರೇ, ಆಗೋದೇ ಇಲ್ಲ" ಅಂತ ದಿನಕ್ಕೆ ಹತ್ತು ಜನ ನನ್ನ ಮುಂದೆ ಹೇಳುತ್ತಾರೆ. ಇನ್ನು ಜೀವಮಾನವಿಡೀ ಹಾಕುವ ಹಾಗಿಲ್ಲ ಅಂತ ಯೋಚಿಸಿಯೇ ಅರ್ಧ ಸೋತಿರುತ್ತಾರೆ. ಜೀವಮಾನದ ಲೆಕ್ಕ ಯಾಕೆ ಹಾಕುತ್ತೀರಿ? ಚಪಲ ಬರುತ್ತದೆ, ಏರುತ್ತದೆ, ಐದು ನಿಮಿಷದಲ್ಲಿ ಇಳಿಯುತ್ತದೆ. ಹೆಚ್ಚೆಂದರೆ ಹತ್ತು ನಿಮಿಷ. ಬಾಯಿಗೆ ಹಾಕಿಕೊಂಡರೂ ಇಳಿಯುತ್ತದೆ, ಹಾಕಿಕೊಳ್ಳದಿದ್ದರೂ ಇಳಿಯುತ್ತದೆ. ಇದು ನನ್ನ ಕಲ್ಪನೆ ಅಲ್ಲ, ನಿಮ್ಮ ದೇಹ ಕೆಲಸ ಮಾಡುವ ರೀತಿ.

ಹೊಗೆಸೊಪ್ಪಿಗೆ ಸುಣ್ಣ ಹಚ್ಚಿ ಅಂಗೈಯಲ್ಲಿ ತಿಕ್ಕುತ್ತೀರಲ್ಲ, ಯಾಕೆ ಅಂತ ಗೊತ್ತಾ? ಸುಣ್ಣ ಸೇರಿದರೆ ತಂಬಾಕಿನ ನಿಕೋಟಿನ್ ಕೆನ್ನೆಯ ತೆಳು ಚರ್ಮದಿಂದ ಬೇಗ ರಕ್ತಕ್ಕೆ ಇಳಿಯುತ್ತದೆ. ಅಲ್ಲಿಂದ ಮಿದುಳಿಗೆ. ಮಿದುಳಿಗೆ ಅದು ಅಭ್ಯಾಸವಾಗಿಬಿಟ್ಟಿದೆ. ಸ್ವಲ್ಪ ಕಡಿಮೆಯಾದರೆ ಸಾಕು, ಕೊಡು ಕೊಡು ಅಂತ ಹಟ ಮಾಡುತ್ತದೆ. ಕೊಡದಿದ್ದರೆ ಮೊದಲ ಮೂರು ದಿನ ಹಟ ಜೋರು. ತಲೆನೋವು, ಸಿಡುಕು, ನಿದ್ದೆ ಇಲ್ಲ. ಮೂರು ನಾಲ್ಕು ವಾರದೊಳಗೆ ಬಹುಪಾಲು ತಣ್ಣಗಾಗುತ್ತದೆ.

ಒಬ್ಬರ ಕತೆ ಹೇಳುತ್ತೇನೆ. ಸ್ವಲ್ಪ ಉದ್ದವಾದೀತು, ಆದರೂ ಹೇಳಲೇಬೇಕು. ಅವರು ಹತ್ತು ಚಕ್ರದ ಲಾರಿಯ ಡ್ರೈವರ್. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಲೋಡು ತರುವವರು. ವಯಸ್ಸು ನಲವತ್ತೊಂದು, ದಿನಕ್ಕೆ ಹದಿನೈದು ಪಾಕೀಟು. "ಡಾಕ್ಟರ್ರ, ಮಿರ್ಚಿ ತಿಂದ್ರ ಬಾಯಿ ಉರೀತೈತ್ರಿ. ರೊಟ್ಟಿ ತುತ್ತು ಒಳಗ ಹೋಗವಲ್ದು" ಅಂದರು. ಬಾಯಿ ತೆರೆಯಿರಿ ಅಂದೆ. ತೆರೆದೇ ಇದ್ದೀನಿ ಅಂತ ಕೈಸನ್ನೆ ಮಾಡಿದರು! ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ನಮ್ಮದೇ ಮೂರು ಬೆರಳು ನಿಲ್ಲಿಸಿ ಇಡುವಷ್ಟು ಜಾಗ ಇರಬೇಕು. ಅವರಿಗೆ ಒಂದೂವರೆ ಬೆರಳು. ಕೆನ್ನೆಯ ಒಳಭಾಗ ಬೆಳ್ಳಗಾಗಿ, ಮುಟ್ಟಿದರೆ ಒಣಗಿದ ತೊಗಲಿನ ಹಾಗೆ ಬಿಗಿ. ಇದು ಅಡಿಕೆ, ಗುಟ್ಕಾ ಅಗಿಯುವವರಿಗೆ ಬರುವ ಕಾಯಿಲೆ. ಕ್ಯಾನ್ಸರ್ ಅಲ್ಲ. ಆದರೆ ಬಿಡದಿದ್ದರೆ ಕ್ಯಾನ್ಸರ್ ಆಗಬಹುದು. ಅದನ್ನು ಅವರಿಗೆ ಮುಚ್ಚುಮರೆ ಇಲ್ಲದೆ ಹೇಳಿದೆ.

ಅವರ ಕಷ್ಟ ಏನು ಗೊತ್ತಾ? "ಬಾಯಾಗ ಏನೂ ಇಲ್ಲಂದ್ರ ಸ್ಟೇರಿಂಗ್ ಮ್ಯಾಲೆ ನಿದ್ದಿ ಬರ್ತೈತ್ರಿ." ನಿದ್ದೆ ಬಂದರೆ ಲಾರಿ ನಿಲ್ಲಿಸಬೇಕು. ಚಪಲ ಬಂದರೂ ನಿಲ್ಲಿಸಿ, ಬಂಕೋ ಢಾಬಾವೋ ಸಿಕ್ಕಿದ ಕಡೆ ಇಳಿದು ಐದು ನಿಮಿಷ ನಡೆಯಿರಿ ಅಂದೆ. ಅಷ್ಟೇ ನಾನು ಹೇಳಿದ್ದು. ಉಳಿದದ್ದು ಅವರ ತಲೆ.

ವಾರ ಬಿಟ್ಟು ಬಂದರು. ಸುಮ್ನೆ ನಡೆದರೆ ಕಾಲು ಅಂಗಡಿ ಕಡೆಗೇ ಎಳೆಯುತ್ತಿತ್ತಂತೆ. ಅದಕ್ಕೇ ಕ್ಯಾಬಿನ್ನಿನಿಂದ ರಾಡು ತಗೊಂಡು ಟೈರು ತಟ್ಟಲು ಶುರು ಮಾಡಿದರು. ಡ್ರೈವರುಗಳು ಟೈರು ತಟ್ಟಿ ಗಾಳಿ ನೋಡುವುದನ್ನು ನೀವೂ ನೋಡಿರುತ್ತೀರಿ ಅಲ್ವಾ? ಗಾಳಿ ಇದ್ದರೆ ರಾಡು ಪುಟಿದು ಬರುತ್ತದೆ, ಇಲ್ಲದಿದ್ದರೆ ಧಪ್ ಅನ್ನುತ್ತದೆ. ಹತ್ತು ಟೈರು, ಒಂದೊಂದಕ್ಕೂ ಕಿವಿಗೊಟ್ಟು ಎರಡು ಸುತ್ತು. ಆಮೇಲೆ ನೀರು ಕುಡಿದು, ಒಂದು ಹಿಡಿ ಹುರಿಗಡಲೆ ಬಾಯಿಗೆ ಹಾಕಿ ಮತ್ತೆ ಗಾಡಿ ಹತ್ತುವುದು. ಮೊದಲು ಪಾಕೀಟು ಇಡುತ್ತಿದ್ದ ಡಬ್ಬಿಯಲ್ಲೇ ಹುರಿಗಡಲೆ. ಮೊದಲ ದಿನ ಹನ್ನೊಂದು ಸಲ ನಿಲ್ಲಿಸಿದರು. ಲೋಡು ತಡವಾಗಿ ಮುಟ್ಟಿತು, ಮಾಲೀಕರು ಬೈದರು. ಮೂರನೇ ದಿನ ಹಿರಿಯೂರಿನ ಹತ್ತಿರ ಎರಡು ಸುತ್ತು ಸಾಕಾಗಲಿಲ್ಲ. ನಾಲ್ಕು ಸುತ್ತು ಹೊಡೆದು ತಲೆ ಮೇಲೆ ನೀರು ಸುರಿದುಕೊಂಡರಂತೆ. ಕ್ಲೀನರ್ ಹುಡುಗ "ಅಣ್ಣಾ, ಗಾಳಿ ಐತಿ ಬಾರಣ್ಣ" ಅಂತ ಕರೆಯುತ್ತಲೇ ಇದ್ದನಂತೆ. ಏಳನೇ ದಿನದ ಹೊತ್ತಿಗೆ ನಿಲ್ಲಿಸಿದ್ದು ನಾಲ್ಕೇ ಸಲ.

ಹನ್ನೊಂದನೇ ದಿನ ತಪ್ಪಿದರು. ಲೋಡಿಂಗ್ ಜಾಗದಲ್ಲಿ ಸ್ನೇಹಿತರೊಬ್ಬರು ಅಂಗೈ ಮುಂದೆ ಮಾಡಿದ್ದಾರೆ, ಇವರು ತಗೊಂಡಿದ್ದಾರೆ. ತಲೆ ತಗ್ಗಿಸಿಕೊಂಡು ಬಂದು "ಎಲ್ಲಾ ನೀರಾಗ ಹೋತ್ರಿ" ಅಂದರು. ನನಗೆ ಸಿಟ್ಟೇ ಬಂತು. ಯಾವುದು ಹೋಯಿತು? ಹತ್ತು ದಿನದಲ್ಲಿ ನೂರೈವತ್ತು ಪಾಕೀಟು ಹಾಕದೆ ಬಿಟ್ಟಿದ್ದೀರಿ, ಒಂದು ಹಾಕಿದ್ದೀರಿ. ಮತ್ತೆ ರಾಡು ತಗೊಳ್ಳಿ ಅಂದೆ. ತಗೊಂಡರು.

ಆರು ತಿಂಗಳಾದ ಮೇಲೆ ನನ್ನ ಬಾಗಿಲಲ್ಲೇ ನಿಂತು ಎರಡು ಬೆರಳು ಬಾಯಲ್ಲಿಟ್ಟು ತೋರಿಸಿದರು. ಮರದ ಕಡ್ಡಿಗಳನ್ನು ಹಲ್ಲಿನ ನಡುವೆ ಒಂದೊಂದಾಗಿ ಸೇರಿಸುತ್ತಾ ಹೋಗುವ ವ್ಯಾಯಾಮ ಹೇಳಿಕೊಟ್ಟಿದ್ದೆ, ಬಿಡದೆ ಮಾಡಿದ್ದಾರೆ. ಮೂರನೇ ಬೆರಳಿನ ಜಾಗ ಇನ್ನೂ ಬಂದಿಲ್ಲ. ಪೂರ್ತಿ ಮೊದಲಿನ ಹಾಗೆ ಆಗುವುದು ಕಷ್ಟ, ಅದಕ್ಕೇ ಬೇಗ ಬಿಡಿ ಅಂತ ಬಡಿದುಕೊಳ್ಳುವುದು. ಲಾರಿಯ ಡ್ರೈವರ್ ಕಡೆಯ ಬಾಗಿಲ ಹೊರಗೆ ಸದಾ ಕೆಂಪು ಕಲೆ ಇಳಿದಿರುತ್ತಿತ್ತಂತೆ. ಈಗ ಆ ಬಾಗಿಲಿಗೆ ಹೊಸ ಬಣ್ಣ ಹೊಡೆಸಿದ್ದಾರೆ.

ನಿಮಗೆ ಲಾರಿ ಇರಲಿಕ್ಕಿಲ್ಲ. ಅಂಗಳ ಇದೆಯಲ್ಲ, ಗುಡಿಸಿ. ದನಕ್ಕೆ ನೀರಿಡಿ. ಆಫೀಸಾದರೆ ಮೆಟ್ಟಿಲು ಹತ್ತಿ ಇಳಿಯಿರಿ. ಬಿರುಸಾಗಿ ಐದು ನಿಮಿಷ ನಡೆದರೆ ಚಪಲ ನಿಜವಾಗಿಯೂ ಕಡಿಮೆಯಾಗುತ್ತದೆ. ಬಾಯಿಗೆ ಸೋಂಪು, ಕ್ಯಾರೆಟ್ ತುಂಡು, ಏನಾದರೂ ಸರಿ. ಅಡಿಕೆ ಮಾತ್ರ ಬೇಡ.

ಈ ಅಡಿಕೆ ಮಾತಿಗೆ ಕೆಲವರಿಗೆ ಬೇಜಾರಾಗುತ್ತದೆ. ನಾನೂ ಅಡಿಕೆ ತೋಟದ ನೆರಳಲ್ಲೇ ಬೆಳೆದವನು. ಆದರೂ ಹೇಳುತ್ತೇನೆ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ನಮ್ಮ ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಬಂತು. ಎರಡನ್ನೂ ಬೆರೆಸಿದರೆ ಅದೇ ಗುಟ್ಕಾ.

"ನಮ್ಮಜ್ಜಿ ತೊಂಬತ್ತು ವರ್ಷ ಬದುಕಿದ್ರು, ಹೊಗೆಸೊಪ್ಪು ಹಾಕ್ತಿದ್ರು" ಅಂತ ದಯವಿಟ್ಟು ನನಗೆ ಹೇಳಬೇಡಿ. ನಲವತ್ತಕ್ಕೇ ಹೋದವರ ಮಕ್ಕಳನ್ನು ನಾನು ನೋಡಿದ್ದೇನೆ.

ಸಮಯ ಮುಗಿಯುತ್ತಾ ಬಂತು, ಬೇಗ ಎರಡು ಮಾತು. ದಿನಾ ಜಾಸ್ತಿ ಕುಡಿಯುವವರು ಹೆಂಡವನ್ನು ಹೀಗೆ ದಿಢೀರ್ ಅಂತ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಆಸ್ಪತ್ರೆಗೆ ಹೋಗಿ, ಡಾಕ್ಟರ್ ಹೇಳಿದ ಹಾಗೆ ಬಿಡಿ. ತಂಬಾಕು ಬಿಡುವವರಿಗೆ ಐದು ನಿಮಿಷ ತೀರಾ ಕಷ್ಟ ಅನ್ನಿಸಿದರೆ ನಿಕೋಟಿನ್ ಗಮ್ ಇದೆ, ಡಾಕ್ಟರನ್ನು ಕೇಳಿ ತಗೊಳ್ಳಿ. ಒಂದು ಫೋನ್ ನಂಬರೂ ಇದೆ. ಸರ್ಕಾರದ್ದು, ದುಡ್ಡಿಲ್ಲ, ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೂ ಮಾತಾಡುತ್ತಾರೆ. ಪೆನ್ನು ತಗೊಳ್ಳಿ. 1800-11-2356. ಇನ್ನೊಂದು ಸಲ, 1800-11-2356.

ಈಗಲೇ ಮೂರು ಬೆರಳು ಸೇರಿಸಿ, ನಿಲ್ಲಿಸಿ ಬಾಯಲ್ಲಿಟ್ಟು ನೋಡಿ. ಹಿಡಿಯದಿದ್ದರೆ ನಾಳೆ ಬೆಳಿಗ್ಗೆ ಹತ್ತಿರದ ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ನಮಸ್ಕಾರ.